ಬೇಸಿಗೆ ರಜೆಯಲ್ಲಿ ಮಕ್ಕಳ ಅನ್ನಸೇವೆ: ಹಣಕ್ಕಿಂತ ಮೊದಲು ಸರದಿ

(ಮಂಗಳಗಿರಿಯಲ್ಲಿ ಶ್ರೀಮಠದ ಶಾಖೆಯ ಭಕ್ತವೃಂದದ ಎದುರು ಮಾಡಿದ ಭಾಷಣದ ಲಿಖಿತ ರೂಪ)

॥ ಶ್ರೀಹರಿವಾಯುಗುರುಭ್ಯೋ ನಮಃ ॥



ಅನ್ನದಾನದ ಮಹಿಮೆಯನ್ನು ಕುರಿತು ಪ್ರವಚನ ಮಾಡುವ ಅಧಿಕಾರ ನನಗಿಲ್ಲ. ಅದಕ್ಕೆ ಇಲ್ಲಿಯೇ ಪಂಡಿತರಿದ್ದಾರೆ. ನಾನು ಸಿವಿಲ್ ವಿಭಾಗದಲ್ಲಿ ಡಿಪ್ಲೊಮಾ ಮುಗಿಸಿ, ರೈಲ್ವೆಯಲ್ಲಿ ಹಳಿಗಳ ನಿರ್ವಹಣೆಯ ಕೆಲಸ ಮಾಡಿ ನಿವೃತ್ತನಾದವನು. ಆದ್ದರಿಂದ ನನ್ನ ಮಾತು ಲೆಕ್ಕದ ಮಾತು, ವ್ಯವಸ್ಥೆಯ ಮಾತು. ಬೇಸಿಗೆ ರಜೆಯ ದಿನಗಳಲ್ಲಿ ನಮ್ಮ ಊರಿನ ಬಡಮಕ್ಕಳಿಗೆ ಮಧ್ಯಾಹ್ನದ ಊಟ ಒದಗಿಸುವ ಕಾರ್ಯವನ್ನು ಶ್ರೀಮಠದ ಭಕ್ತಕುಟುಂಬಗಳು ಕೈಗೆತ್ತಿಕೊಳ್ಳಬಹುದೇ, ಕೈಗೆತ್ತಿಕೊಂಡರೆ ಕೊನೆಯ ದಿನದವರೆಗೆ ನಡೆಸಿಕೊಂಡು ಹೋಗುವುದು ಹೇಗೆ, ಎಂಬ ಎರಡು ಪ್ರಶ್ನೆಗಳನ್ನು ಮಾತ್ರ ತಮ್ಮ ಮುಂದೆ ಇಡಬಯಸುತ್ತೇನೆ.

ರಜೆ ಯಾರಿಗೆ ಸಂತೋಷ?

ಆಂಧ್ರಪ್ರದೇಶದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ತಿಂಗಳ ಕೊನೆಯ ವಾರದಿಂದ ಜೂನ್ 12ರ ಸುಮಾರಿನವರೆಗೆ ರಜೆ. ಅಂದರೆ ಏಳು ವಾರಗಳು. ನಮ್ಮ ಮನೆಯ ಮಕ್ಕಳಿಗೆ ಇದು ಅಜ್ಜಿಯ ಮನೆ, ಮಾವಿನಹಣ್ಣು, ಹಪ್ಪಳ ಸಂಡಿಗೆಗಳ ಕಾಲ. ಆದರೆ ಶಾಲೆಯ ಊಟವನ್ನೇ ದಿನದ ಮುಖ್ಯ ಊಟವಾಗಿ ನಂಬಿರುವ ಮಗುವಿಗೆ ಶಾಲೆಯ ಬಾಗಿಲು ಮುಚ್ಚಿದ ದಿನವೇ ಅಡುಗೆಮನೆಯ ಬಾಗಿಲೂ ಮುಚ್ಚುತ್ತದೆ. ಹಸಿವಿಗೆ ರಜೆಯಿಲ್ಲ.

ನಮ್ಮ ಮಂಗಳಗಿರಿ ಮಗ್ಗದ ಊರು. ಇಲ್ಲಿಯ ಹತ್ತಿಸೀರೆಗಳಿಗೆ ದೇಶವೆಲ್ಲ ಹೆಸರಿದೆ, ಆದರೆ ಮಗ್ಗದ ಮನೆಯಲ್ಲಿ ತಂದೆ ತಾಯಿ ಇಬ್ಬರೂ ದುಡಿದರೆ ಮಾತ್ರ ಸಂಸಾರ ನಡೆಯುತ್ತದೆ. ಸಮೀಪದ ಅಮರಾವತಿಯಲ್ಲಿ 2025ರ ಮೇ ತಿಂಗಳಲ್ಲಿ ರಾಜಧಾನಿಯ ನಿರ್ಮಾಣಕಾರ್ಯ ಪುನರಾರಂಭವಾಯಿತು. ನಿರ್ಮಾಣ ನಡೆಯುವ ಕಡೆಯಲ್ಲೆಲ್ಲ ಕೂಲಿಕಾರರ ಜೋಪಡಿಗಳಿರುತ್ತವೆ, ಜೋಪಡಿಗಳಲ್ಲಿ ಮಕ್ಕಳಿರುತ್ತಾರೆ.

ಇನ್ನೂ ಒಂದು ಸಂಗತಿ ನಮ್ಮ ಹೃದಯಕ್ಕೆ ಹತ್ತಿರವಾದುದು. ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ ಕೋಸಿಗಿ, ಕೌತಾಳ, ಆದೋನಿ, ಮಂತ್ರಾಲಯ ಮಂಡಲಗಳಿಂದ ಪ್ರತಿವರ್ಷ ಸಾವಿರಾರು ಕುಟುಂಬಗಳು ಮೆಣಸಿನಕಾಯಿ ಬಿಡಿಸುವ ಕೂಲಿಗಾಗಿ ಗುಂಟೂರಿನ ಸೀಮೆಗೆ ವಲಸೆ ಬರುತ್ತವೆ. ಅವರಲ್ಲಿ ಕನ್ನಡ ಮಾತನಾಡುವವರೂ ಇದ್ದಾರೆ. ಮಕ್ಕಳನ್ನು ಬಿಟ್ಟುಬರಲು ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅವರನ್ನೂ ಕರೆತರುತ್ತಾರೆ. ಆ ಮಗುವಿನ ಹೆಸರು ಊರಿನ ಶಾಲೆಯ ಹಾಜರಿಪುಸ್ತಕದಲ್ಲಿ ಇರುತ್ತದೆ, ಮಗು ಇಲ್ಲಿಯ ಹೊಲದ ಬದುವಿನಲ್ಲಿ ಇರುತ್ತದೆ. ಅದಕ್ಕೆ ರಜೆ ಜನವರಿಯಲ್ಲಿಯೇ ಆರಂಭವಾಯಿತೆಂದು ತಿಳಿಯಬೇಕು. ನಾವು ವರ್ಷಕ್ಕೊಮ್ಮೆಯಾದರೂ ಮಂತ್ರಾಲಯಕ್ಕೆ ಹೋಗಿ ರಾಯರ ಸನ್ನಿಧಿಯಲ್ಲಿ ಪ್ರಸಾದ ಸ್ವೀಕರಿಸಿ ಬರುತ್ತೇವೆ. ಆ ಸನ್ನಿಧಿಯ ಸುತ್ತಲಿನ ಹಳ್ಳಿಗಳ ಮಕ್ಕಳು ನಮ್ಮ ಊರಿನ ಅಂಚಿಗೆ ಬಂದು ಹಸಿದಿರುವಾಗ, ಅವರನ್ನು ಪರಊರಿನವರೆಂದು ನಾವು ಹೇಗೆ ಎಣಿಸೋಣ? ಮಂತ್ರಾಲಯದ ತುಂಗಭದ್ರೆಯೇ ಕೃಷ್ಣೆಯಲ್ಲಿ ಬೆರೆತು ವಿಜಯವಾಡದ ಬ್ಯಾರೇಜಿನವರೆಗೆ ಬರುತ್ತಾಳಲ್ಲವೇ?

ಸರ್ಕಾರ ಮಾಡಿರುವುದು, ಮಿಕ್ಕಿರುವುದು

ಸರ್ಕಾರ ಏನೂ ಮಾಡಿಲ್ಲವೆಂದು ಹೇಳುವುದು ಅನ್ಯಾಯ. ಹಳೆಯ ಮದ್ರಾಸಿನಲ್ಲಿ 1920ರ ದಶಕದಲ್ಲಿಯೇ ನಗರಸಭೆಯ ಶಾಲೆಯಲ್ಲಿ ಊಟದ ಪ್ರಯೋಗ ನಡೆದಿತ್ತು. ದೇಶಮಟ್ಟದ ಯೋಜನೆ 1995ರ ಆಗಸ್ಟ್ 15ರಂದು ಆರಂಭವಾಯಿತು. ಬೇಯಿಸಿದ ಅನ್ನವನ್ನೇ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2001ರ ನವೆಂಬರ್ 28ರಂದು ಆದೇಶಿಸಿತು. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲಿಯೂ ಊಟ ನಿಲ್ಲಬಾರದೆಂದು 2004ರ ಏಪ್ರಿಲ್‌ನಲ್ಲಿ ಹೇಳಿದ ಅದೇ ನ್ಯಾಯಾಲಯ, 2016ರ ಮೇ ತಿಂಗಳಲ್ಲಿ ಅದನ್ನು ಮತ್ತೆ ಒತ್ತಿ ಹೇಳಿತು. ಕರ್ನಾಟಕದಲ್ಲಿ 2024ರ ಬೇಸಿಗೆಯಲ್ಲಿ, ಬರಪೀಡಿತವೆಂದು ಘೋಷಿತವಾದ 223 ತಾಲ್ಲೂಕುಗಳಲ್ಲಿ ರಜೆಯ ಬಿಸಿಯೂಟದ ವ್ಯವಸ್ಥೆಯಾಯಿತು.

ಆದರೆ ಗಮನಿಸಬೇಕಾದ ಮಾತೊಂದಿದೆ. ರಜೆಯ ಊಟದ ಆದೇಶ ಬರ ಬಿದ್ದ ವರ್ಷಕ್ಕೆ, ಬರ ಬಿದ್ದ ತಾಲ್ಲೂಕಿಗೆ. ಕೃಷ್ಣೆಯ ಕಾಲುವೆ ಹರಿಯುವ ನಮ್ಮಂಥ ಸೀಮೆಯಲ್ಲಿ ಬರ ಸುಲಭವಾಗಿ ಘೋಷಣೆಯಾಗುವುದಿಲ್ಲ. ತುಂಬಿದ ಕಾಲುವೆಯ ಪಕ್ಕದಲ್ಲಿಯೂ ಒಲೆ ಉರಿಯದ ಮನೆ ಇರಬಹುದು. ಆ ಖಾಲಿ ಜಾಗವನ್ನು ಊರಿನವರೇ ತುಂಬಬೇಕು. ಹೊರದೇಶಗಳಲ್ಲಿಯೂ ಈ ಸಮಸ್ಯೆ ಇದೆ. ಅಮೆರಿಕದಲ್ಲಿ ನೆಲೆಸಿರುವ ತಮ್ಮ ಮಕ್ಕಳನ್ನು ಕೇಳಿದರೆ ಹೇಳುತ್ತಾರೆ: ಅಲ್ಲಿ 1968ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಬೇಸಿಗೆ ಊಟದ ಯೋಜನೆಗೆ ಹಣ ಸರ್ಕಾರದ್ದು, ಆದರೆ ಊಟ ಸಿಗುವ ಸ್ಥಳಗಳಲ್ಲಿ ಚರ್ಚುಗಳೂ ಉದ್ಯಾನಗಳೂ ಗ್ರಂಥಾಲಯಗಳೂ ಇವೆ. ಮಗುವಿಗೆ ಹತ್ತಿರವಾದ ಜಾಗ ಯಾವುದೋ ಅದೇ ಊಟದ ಜಾಗ.

ನಮ್ಮ ಕಣ್ಣೆದುರಿಗೇ ದೊಡ್ಡ ಉದಾಹರಣೆಯಿದೆ. ಬೆಂಗಳೂರಿನಲ್ಲಿ 2000ದ ಜೂನ್ ತಿಂಗಳಿನಲ್ಲಿ ಐದು ಶಾಲೆಗಳ 1,500 ಮಕ್ಕಳಿಂದ ಆರಂಭವಾದ ಅಕ್ಷಯಪಾತ್ರ ಇಂದು ಹಲವು ರಾಜ್ಯಗಳ ಲಕ್ಷಾಂತರ ಮಕ್ಕಳಿಗೆ ಉಣಬಡಿಸುತ್ತಿದೆ. ವಿಶಾಖಪಟ್ಟಣದಲ್ಲಿ ಅದರ ಅಡುಗೆಮನೆ ಇದೆ. ನಮ್ಮ ಮಂಗಳಗಿರಿ ಮಂಡಲದ ಆತ್ಮಕೂರಿನಲ್ಲಿಯೂ 2022ರ ಫೆಬ್ರವರಿಯಲ್ಲಿ ದೊಡ್ಡ ಅಡುಗೆಮನೆ ಉದ್ಘಾಟನೆಯಾಯಿತು. ಉಡುಪಿಯ ಶ್ರೀಕೃಷ್ಣಮಠದ 'ಚಿಣ್ಣರ ಸಂತರ್ಪಣೆ'ಯನ್ನು ತಾವೆಲ್ಲ ಬಲ್ಲಿರಿ. ಇವೆಲ್ಲ ಮುಖ್ಯವಾಗಿ ಶಾಲೆ ನಡೆಯುವ ದಿನಗಳ ಸೇವೆಗಳು. ನಾನು ಕೇಳುತ್ತಿರುವುದು ಉಳಿದ ದಿನಗಳ ಮಾತು, ಮತ್ತು ಬಹಳ ಚಿಕ್ಕ ಪ್ರಮಾಣದ ಮಾತು. ಒಂದು ಶಾಲೆ, ನೂರು ಮಕ್ಕಳು, ನಲವತ್ತೈದು ದಿನ.

ಅಕ್ಕಿಯ ಲೆಕ್ಕ ಸುಲಭ

ಸರ್ಕಾರದ ಯೋಜನೆಯಲ್ಲಿ ಪ್ರಾಥಮಿಕ ಶಾಲೆಯ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಎಂದು ಅಳತೆ ಇದೆ. ಇದರಿಂದ 450 ಕ್ಯಾಲೊರಿ ಶಕ್ತಿ, 12 ಗ್ರಾಂ ಪ್ರೋಟೀನ್ ದೊರೆಯಬೇಕೆಂಬುದು ನಿಯಮ. ಹಿರಿಯ ಪ್ರಾಥಮಿಕ ಮಕ್ಕಳಿಗೆ ಇದರ ಒಂದೂವರೆ ಪಟ್ಟು ಸಾಮಗ್ರಿ. ಚಿಕ್ಕ ಮಕ್ಕಳ ಅಳತೆಯಲ್ಲಿಯೇ ಲೆಕ್ಕ ಹಾಕೋಣ. ನೂರು ಮಕ್ಕಳಿಗೆ ದಿನಕ್ಕೆ 10 ಕಿಲೋ ಅಕ್ಕಿ, 2 ಕಿಲೋ ಬೇಳೆ, 5 ಕಿಲೋ ತರಕಾರಿ, ಅರ್ಧ ಕಿಲೋ ಎಣ್ಣೆ. ನಲವತ್ತೈದು ದಿನಗಳಿಗೆ 450 ಕಿಲೋ ಅಕ್ಕಿ, ಅಂದರೆ 50 ಕಿಲೋ ತೂಕದ ಒಂಬತ್ತೇ ಮೂಟೆ. ಬೇಳೆ 90 ಕಿಲೋ, ಎಣ್ಣೆ ಇಪ್ಪತ್ತೆರಡೂವರೆ ಕಿಲೋ. ನಮ್ಮಲ್ಲಿ ಒಂದು ಮದುವೆಗೆ ಎಷ್ಟು ಅಕ್ಕಿ ಬೇಯುತ್ತದೆಂಬುದು ಇಲ್ಲಿರುವ ಮಾತೆಯರಿಗೆ ಗೊತ್ತು. ಇದು ನಮ್ಮ ಶಕ್ತಿಗೆ ಮೀರಿದ ಪ್ರಮಾಣವಲ್ಲ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಇಲ್ಲಿಯ ಸರ್ಕಾರಿ ಶಾಲೆಯ ಊಟದಲ್ಲಿ ಮಕ್ಕಳಿಗೆ ಮೊಟ್ಟೆ ಸಿಗುತ್ತದೆ. ನಾವು ಅದನ್ನು ಕೊಡುವವರಲ್ಲ. ಕೊಡುವುದಿಲ್ಲವೆಂದ ಮೇಲೆ, ಅದರಿಂದ ಮಗುವಿಗಾಗುವ ಕೊರತೆಯನ್ನು ಬೇರೆ ರೀತಿಯಿಂದ ತುಂಬುವ ಹೊಣೆಯೂ ನಮ್ಮದೇ ಆಗುತ್ತದೆ. ಬರಿಯ ಚಿತ್ರಾನ್ನ ಕೊಟ್ಟು ಸಾತ್ವಿಕ ಆಹಾರ ಕೊಟ್ಟೆವೆಂದು ತೃಪ್ತಿಪಡಲಾಗದು. ಸುಮಾರು 25 ಗ್ರಾಂ ಕಡಲೆಕಾಯಿಬೀಜದಲ್ಲಿ ಒಂದು ಮೊಟ್ಟೆಯಷ್ಟೇ ಪ್ರೋಟೀನ್ ಇದೆ. ನೂರು ಮಕ್ಕಳಿಗೆ ದಿನಕ್ಕೆ ಎರಡೂವರೆ ಕಿಲೋ ಬೀಜ ಸಾಕು. ಬೆಲ್ಲದೊಡನೆ ಉಂಡೆ ಕಟ್ಟಿ ಕೊಡೋಣ. ಗಟ್ಟಿಯಾದ ತೊವ್ವೆ, ಮೊಸರು, ಹೆಸರುಬೇಳೆಯ ಕೋಸಂಬರಿ, ಇವೆಲ್ಲ ನಮ್ಮ ಅಡುಗೆಯಲ್ಲಿಯೇ ಇವೆ. ಊಟದ ಮೊದಲ ದಿನ ಮತ್ತು ಕೊನೆಯ ದಿನ ಮಕ್ಕಳ ತೂಕ ನೋಡಿ ಬರೆದಿಟ್ಟರೆ ನಮ್ಮ ಸೇವೆಯ ಫಲ ನಮಗೇ ತಿಳಿಯುತ್ತದೆ.

ಕೈಗಳ ಲೆಕ್ಕ ಕಷ್ಟ

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. ಹಣ ಬರುತ್ತದೆ, ಅಕ್ಕಿ ಬರುತ್ತದೆ. ಬಾರದಿರುವುದು ಇಪ್ಪತ್ತನೆಯ ದಿನದ ಬೆಳಿಗ್ಗೆ ಎಂಟು ಗಂಟೆಗೆ ತರಕಾರಿ ಹೆಚ್ಚುವ ಕೈ.

ಸೇವೆಯಲ್ಲಿದ್ದಾಗ ಒಂದು ಊರಿನಲ್ಲಿ ಉತ್ಸಾಹಿಗಳು ಕೂಡಿ ಬೇಸಿಗೆಯಲ್ಲಿ ಇಂಥದೇ ಊಟ ಆರಂಭಿಸಿದ್ದನ್ನು ನೋಡಿದ್ದೇನೆ. ಮೊದಲ ದಿನ ಶಾಮಿಯಾನ, ನಾದಸ್ವರ, ಛಾಯಾಚಿತ್ರ. ಬಡಿಸುವವರು ಉಣ್ಣುವವರಿಗಿಂತ ಹೆಚ್ಚು. ಎರಡನೆಯ ವಾರ ಎಂಟು ಜನ. ಮೂರನೆಯ ವಾರ ವೃದ್ಧ ದಂಪತಿಗಳಿಬ್ಬರೇ ಉಳಿದರು. ನಾಲ್ಕನೆಯ ವಾರ ನಿಂತಿತು. ಅಕ್ಕಿಯ ಮೂಟೆಗಳು ಮಿಕ್ಕಿದ್ದವು. ನಿಂತ ಮರುದಿನವೂ ಮಕ್ಕಳು ತಟ್ಟೆ ಹಿಡಿದು ಬಂದಿದ್ದರೆಂದು ಅಲ್ಲಿಯವರು ಹೇಳಿದರು. ಮಗುವಿಗೆ ಕೊಟ್ಟ ಮಾತು ತಪ್ಪುವುದಕ್ಕಿಂತ ಆ ಮಾತು ಕೊಡದಿರುವುದು ಮೇಲು.

ಹೀಗೇಕಾಗುತ್ತದೆ? ಜನರಲ್ಲಿ ಭಕ್ತಿ ಕಡಿಮೆಯಾಗಿದೆಯೆಂದು ನಾನು ಹೇಳುವುದಿಲ್ಲ. ಕಾಲವೇ ಹಾಗಿದೆ. ವೈಶಾಖ ಮಾಸವೆಂದರೆ ಮದುವೆ, ಉಪನಯನಗಳ ಕಾಲ. ಮಕ್ಕಳ ರಜೆಯಲ್ಲಿ ನಾವೂ ರಾಯಚೂರು, ಬಳ್ಳಾರಿ, ಉಡುಪಿ ಎಂದು ಸ್ವಂತ ಊರುಗಳಿಗೆ ಹೊರಡುತ್ತೇವೆ. ಜೊತೆಗೆ ಕೃಷ್ಣಾ ತೀರದ ಬಿಸಿಲು. 2015ರ ಮೇ ತಿಂಗಳ ಬಿಸಿಗಾಳಿಗೆ ಆಂಧ್ರಪ್ರದೇಶದಲ್ಲಿ ಸಾವಿರಕ್ಕೂ ಮೇಲ್ಪಟ್ಟು ಜನ ಪ್ರಾಣ ಕಳೆದುಕೊಂಡರು. ಅಂದರೆ ಮಗುವಿಗೆ ನಮ್ಮ ಅಗತ್ಯ ಯಾವಾಗ ಹೆಚ್ಚೋ, ಆಗಲೇ ನಮಗೆ ಬಿಡುವು ಕಡಿಮೆ. ಇದನ್ನು ಒಪ್ಪಿಕೊಂಡೇ ವ್ಯವಸ್ಥೆ ಮಾಡಬೇಕು.

ರೈಲ್ವೆಯಲ್ಲಿ ನಮಗೂ ಬೇಸಿಗೆಯೇ ಪರೀಕ್ಷೆಯ ಕಾಲ. ಉದ್ದಕ್ಕೂ ಬೆಸುಗೆ ಹಾಕಿದ ಹಳಿ ಬಿಸಿಲಿಗೆ ಹಿಗ್ಗಲು ಹವಣಿಸುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಬಾಗುತ್ತದೆ. ಆದ್ದರಿಂದ ಹಳಿಯ ಉಷ್ಣಾಂಶ ನಿಗದಿತ ಮಟ್ಟಕ್ಕಿಂತ 20 ಡಿಗ್ರಿ ಮೇಲೇರಿದರೆ ಬೇಸಿಗೆಯ ಗಸ್ತು ಆರಂಭಿಸಬೇಕು. ಸುಡುವ ಮಧ್ಯಾಹ್ನದಲ್ಲಿ ಗ್ಯಾಂಗಿನವರು ಹಳಿಯ ಮೇಲೆ ನಡೆದು ನೋಡುತ್ತಾರೆ. ಆ ಗಸ್ತು ಯಾರ ಉತ್ಸಾಹವನ್ನೂ ನಂಬಿ ನಡೆಯುವುದಿಲ್ಲ. ಯಾರು, ಎಲ್ಲಿಂದ ಎಲ್ಲಿಯವರೆಗೆ, ಯಾವ ಹೊತ್ತಿಗೆ ಎಂಬುದು ಮೊದಲೇ ಪುಸ್ತಕದಲ್ಲಿ ಬರೆದಿರುತ್ತದೆ. ಒಬ್ಬನಿಗೆ ಜ್ವರ ಬಂದರೆ ಬದಲಿಗೆ ಹೋಗುವವನಾರೆಂದೂ ಗೊತ್ತಿರುತ್ತದೆ. ಆ ಬಡ ನೌಕರನ ನಡಿಗೆಯ ಮೇಲೆ ಸಾವಿರಾರು ಪ್ರಯಾಣಿಕರ ಕ್ಷೇಮ ನಿಂತಿದೆ. ಮಕ್ಕಳ ಊಟವೂ ಉತ್ಸವದ ಹಾಗಲ್ಲ, ಗಸ್ತಿನ ಹಾಗೆ ನಡೆಯಬೇಕು.

ದಿನಕ್ಕೆ ಆರು ಜನ ಬೇಕೆಂದು ಇಟ್ಟುಕೊಳ್ಳೋಣ. ಸಾಮಗ್ರಿ ತೂಗಿ ಕೊಡುವವರೊಬ್ಬರು, ತರಕಾರಿ ಹೆಚ್ಚುವವರಿಬ್ಬರು, ಬಡಿಸುವವರಿಬ್ಬರು, ಮಕ್ಕಳ ಎಣಿಕೆ ಮತ್ತು ಮೇಲ್ವಿಚಾರಣೆಗೆ ಒಬ್ಬರು. ನಲವತ್ತೈದು ದಿನಗಳಿಗೆ 270 ಸರದಿಗಳಾದವು. ತೊಂಬತ್ತು ಕುಟುಂಬಗಳು ಮುಂದೆ ಬಂದರೆ ಒಂದು ಕುಟುಂಬಕ್ಕೆ ಇಡೀ ಬೇಸಿಗೆಯಲ್ಲಿ ಬರುವುದು ಮೂರೇ ಸರದಿ. ಮೂರು ಬೆಳಗುಗಳು, ಒಂದೊಂದು ಬಾರಿ ನಾಲ್ಕು ಗಂಟೆಯ ಕಾಲ. ಊರಿಗೆ ಹೋಗುವವರು ಹೋಗಿಬರಲಿ, ಮದುವೆ ಇರುವವರು ಮಾಡಲಿ. ಆದರೆ ತಮ್ಮ ಮೂರು ಬೆಳಗುಗಳನ್ನು ಮೊದಲೇ ಗುರುತಿಸಿ, ಪ್ರತಿಯೊಂದಕ್ಕೂ ಬದಲಿಯವರ ಹೆಸರನ್ನು ಬರೆದುಕೊಡಲಿ. ತರಕಾರಿ ಹೆಚ್ಚುವುದು ಹೆಂಗಸರ ಕೆಲಸವೆಂದು ನಿವೃತ್ತರಾದ ಗಂಡಸರು ದಯವಿಟ್ಟು ಭಾವಿಸಬಾರದು. ಮನೆಯಲ್ಲಿ ಪತ್ರಿಕೆ ಹಿಡಿದು ಕುಳಿತು ಕಾಫಿ ಕೇಳುವುದಕ್ಕಿಂತ ಇದು ಆರೋಗ್ಯಕರ.

ವಿಶೇಷ ದಿನವೂ ಸಾಮಾನ್ಯ ದಿನವೂ

ಗುಜರಾತಿನಲ್ಲಿ 'ತಿಥಿ ಭೋಜನ' ಎಂಬ ಪದ್ಧತಿ ಇದೆ. ಹುಟ್ಟುಹಬ್ಬ, ಮದುವೆ ಮುಂತಾದ ದಿನಗಳಲ್ಲಿ ಊರಿನವರು ಶಾಲಾಮಕ್ಕಳಿಗೆ ವಿಶೇಷ ಊಟ ಕೊಡುತ್ತಾರೆ. ಕೇಂದ್ರ ಸರ್ಕಾರ ಇದನ್ನು ಇತರ ರಾಜ್ಯಗಳಿಗೂ ಸೂಚಿಸಿದೆ. ನಮ್ಮ ಮನೆಗಳಲ್ಲಿ ತಿಥಿಯೆಂದರೆ ಬೇರೆಯೇ ಅರ್ಥ, ಆದ್ದರಿಂದ ಹೆಸರನ್ನು ಬದಲಾಯಿಸಿಕೊಳ್ಳೋಣ! ಪದ್ಧತಿ ಒಳ್ಳೆಯದು. ಆದರೆ ಎಲ್ಲರೂ ಹುಟ್ಟುಹಬ್ಬವನ್ನೂ ಷಷ್ಟ್ಯಬ್ದಿಯನ್ನೂ ನರಸಿಂಹ ಜಯಂತಿಯನ್ನೂ ಆರಿಸಿಕೊಂಡರೆ, ಯಾವ ವಿಶೇಷವೂ ಇಲ್ಲದ ಮಂಗಳವಾರವನ್ನು ಆರಿಸಿಕೊಳ್ಳುವವರಾರು? ಮಗುವಿಗೆ ಮಂಗಳವಾರವೂ ಹಸಿವಾಗುತ್ತದೆ. ಆದ್ದರಿಂದ ಒಂದು ನಿಯಮ ಮಾಡೋಣ. ವಿಶೇಷ ದಿನದ ಸೇವೆಯನ್ನು ಬಯಸುವ ಕುಟುಂಬ ಎರಡು ಸಾಮಾನ್ಯ ದಿನಗಳ ಸರದಿಯನ್ನೂ ಒಪ್ಪಿಕೊಳ್ಳಬೇಕು. ರಸೀದಿಯ ಜೊತೆಗೆ ಸರದಿಯ ಚೀಟಿಯನ್ನೂ ಕೊಡಬೇಕು.

ಮಡಿ, ಏಕಾದಶಿ, ಪಂಕ್ತಿ

ನಮ್ಮ ಸಂಪ್ರದಾಯಕ್ಕೆ ಸಂಬಂಧಿಸಿದ ಕೆಲವು ಪ್ರಶ್ನೆಗಳು ಏಳುವುದು ಸಹಜ. ಅವುಗಳನ್ನು ಇಲ್ಲಿಯೇ ಕೈಮುಗಿದು ಎತ್ತಿಕೊಳ್ಳುತ್ತೇನೆ.

ಅಡುಗೆಯನ್ನು ಶ್ರೀಮಠದ ಪಾಕಶಾಲೆಯಲ್ಲಿ ಮಾಡಬೇಕೇ? ಬೇಡವೆಂಬುದು ನನ್ನ ಅಭಿಪ್ರಾಯ. ಮುಖ್ಯೋಪಾಧ್ಯಾಯರ ಮತ್ತು ಮಂಡಲ ಶಿಕ್ಷಣಾಧಿಕಾರಿಗಳ ಅನುಮತಿ ಪಡೆದು ಶಾಲೆಯ ಅಡುಗೆಮನೆಯಲ್ಲಿಯೇ ಮಾಡೋಣ. ಅಡುಗೆಗೆ ಶಾಲೆಯಲ್ಲಿ ವರ್ಷವಿಡೀ ಬೇಯಿಸುವ ತಾಯಂದಿರನ್ನೇ ಕರೆಯೋಣ. ಕೇಂದ್ರದ ನಿಯಮದಲ್ಲಿ ಅವರಿಗೆ ಗೌರವಧನ ವರ್ಷಕ್ಕೆ ಹತ್ತು ತಿಂಗಳಿಗೆ ಮಾತ್ರ. ರಜೆಯಲ್ಲಿ ಮಕ್ಕಳ ತಟ್ಟೆ ಖಾಲಿಯಾಗುವಾಗಲೇ ಈ ತಾಯಂದಿರ ಕೈಯೂ ಖಾಲಿಯಾಗುತ್ತದೆ. ನಮ್ಮ ಹಣದ ಮೊದಲ ಪಾಲು ಅವರ ಸಂಭಾವನೆಗೆ ಹೋಗಲಿ. ಯಾವ ಮಗು ಏನು ತಿನ್ನುತ್ತದೆ, ಯಾವ ಮಗು ತಮ್ಮನಿಗೆಂದು ಬುತ್ತಿಯಲ್ಲಿ ಮುಚ್ಚಿಕೊಂಡು ಹೋಗುತ್ತದೆ ಎಂಬುದು ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ.

ಏಕಾದಶಿಯಂದು ಏನು ಮಾಡುವುದು? ನಲವತ್ತೈದು ದಿನಗಳಲ್ಲಿ ಮೂರು ಏಕಾದಶಿಗಳು ಬರುತ್ತವೆ. ಶ್ರೀಮಠದಲ್ಲಿ ಒಲೆ ಹೊತ್ತಿಸುವಂತಿಲ್ಲ. ಆದರೆ ಆ ಮಕ್ಕಳಿಗೆ ಉಪವಾಸ ವಿಧಿಸಲು ನಾವು ಯಾರು? ಅವರಲ್ಲಿ ಎಷ್ಟೋ ಮಂದಿಗೆ ಬೇಕಾದಷ್ಟು ಉಪವಾಸ ಈಗಾಗಲೇ ಆಗಿದೆ. ನಮ್ಮ ಮನೆಗಳನ್ನೇ ನೆನೆಯಿರಿ. ಏಕಾದಶಿಯಂದು ತಾಯಿ ತಾನು ನೀರನ್ನೂ ಮುಟ್ಟದೆ, ಹಸುಗೂಸಿಗೆ ಅನ್ನ ಬೇಯಿಸಿ ಉಣಿಸುವುದಿಲ್ಲವೇ? ಅದರಿಂದ ಅವಳ ವ್ರತ ಕೆಡುವುದಿಲ್ಲ, ಬೆಳಗುತ್ತದೆ. ಅಡುಗೆ ಶಾಲೆಯಲ್ಲಿ ನಡೆದರೆ ಏಕಾದಶಿಯಂದೂ ಮಕ್ಕಳ ಊಟ ತಪ್ಪುವುದಿಲ್ಲ. ಉಪವಾಸವಿದ್ದು ಬಡಿಸಲು ಒಪ್ಪುವವರು ಮುಂದೆ ಬನ್ನಿ. ಮಡಿಯ ಕಾರಣದಿಂದ ಸಂಕೋಚವಿರುವ ಹಿರಿಯರು ಹಿಂದಿನ ದಿನವೇ ಸಾಮಗ್ರಿ ತೂಗಿಕೊಡುವ ಸರದಿಯನ್ನು ವಹಿಸಿಕೊಳ್ಳಬಹುದು. ಯಾರ ಆಚಾರಕ್ಕೂ ಭಂಗವಿಲ್ಲ, ಯಾರ ಊಟಕ್ಕೂ ಭಂಗವಿಲ್ಲ.

ಇನ್ನು ಪಂಕ್ತಿ. ಶಾಲೆಯಲ್ಲಿ ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ. ಅಲ್ಲಿ ಜಾತಿ ಕೇಳಬಾರದು, ಮತ ಕೇಳಬಾರದು, ಶಾಲೆಯ ದಾಖಲೆಯನ್ನೂ ಕೇಳಬಾರದು. ಹೆಸರು ಮಾತ್ರ ಕೇಳೋಣ, ಪ್ರೀತಿಯಿಂದ ಕರೆಯುವುದಕ್ಕಾಗಿ. ಬಡಿಸುವಾಗ ಛಾಯಾಚಿತ್ರ ಬೇಡ. ಉಣ್ಣುವ ಮಗು ನಮ್ಮ ಪುಣ್ಯದ ಸಾಕ್ಷಿಯಾಗಿ ಕ್ಯಾಮೆರಾದ ಮುಂದೆ ನಿಲ್ಲಬೇಕಾಗಿಲ್ಲ.

ಸುರಕ್ಷತೆಯಲ್ಲಿ ರಿಯಾಯಿತಿ ಇಲ್ಲ

ಎರಡು ದುರಂತಗಳನ್ನು ನೆನಪಿಸದೆ ಮುಂದೆ ಹೋಗಲಾರೆ. 2004ರ ಜುಲೈ 16ರಂದು ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಯ ಕಡೆಯಿಂದ ಹೊತ್ತಿದ ಬೆಂಕಿ ಹುಲ್ಲಿನ ಚಾವಣಿಗೆ ಹಬ್ಬಿ 94 ಮಕ್ಕಳು ಬಲಿಯಾದರು. 2013ರ ಜುಲೈ 16ರಂದೇ ಬಿಹಾರದ ಸಾರಣ ಜಿಲ್ಲೆಯ ಶಾಲೆಯಲ್ಲಿ ಕೀಟನಾಶಕ ಬೆರೆತ ಊಟದಿಂದ 23 ಮಕ್ಕಳು ಸತ್ತರು. ಸದುದ್ದೇಶ ಎರಡು ಕಡೆಯೂ ಇತ್ತು, ಎಚ್ಚರ ಇರಲಿಲ್ಲ.

ಆದ್ದರಿಂದ ಎಣ್ಣೆಯ ಡಬ್ಬಿ ಮೊಹರಿನೊಡನೆ ಬರಬೇಕು, ಹಳೆಯ ಡಬ್ಬಿಗಳ ಮರುಬಳಕೆ ಕೂಡದು. ಒಲೆಯ ಮೇಲೆ ತಾಳೆಗರಿಯ ಚಪ್ಪರ ಕೂಡದು. ಮರಳಿನ ಬಕೆಟ್ಟು, ನೀರಿನ ಬಕೆಟ್ಟು ಪಕ್ಕದಲ್ಲಿರಬೇಕು. ಆಹಾರ ಸುರಕ್ಷತೆಯ 2006ರ ಕಾಯಿದೆಯ ಪ್ರಕಾರ ನೋಂದಣಿ ಆಗಬೇಕು. ದೊಡ್ಡವರು ಮೊದಲು ರುಚಿ ನೋಡಿ ಆಮೇಲೆ ಮಕ್ಕಳಿಗೆ ಬಡಿಸಬೇಕೆಂಬುದು 2015ರ ನಿಯಮಗಳಲ್ಲಿಯೂ ಇದೆ. ಅರ್ಧ ಗಂಟೆ ಮೊದಲು ಇಬ್ಬರು ದೊಡ್ಡವರು ಊಟ ಮಾಡಿ ಪುಸ್ತಕದಲ್ಲಿ ಸಹಿ ಹಾಕಲಿ. ಏಕಾದಶಿಯಂದು ಈ ಕೆಲಸ ಉಪವಾಸವಿಲ್ಲದ ಅಡುಗೆಯ ತಾಯಂದಿರದು. ಊಟ ಹನ್ನೊಂದು ಗಂಟೆಗೇ ಮುಗಿದು, ಬಿಸಿಲು ಏರುವ ಮುನ್ನ ಮಕ್ಕಳು ನೆರಳು ಸೇರಬೇಕು. ಮಿಕ್ಕ ಅನ್ನವನ್ನು ಸಂಜೆಗೆ ಇಡಬಾರದು.

ನಮ್ಮ ಪಂಚಾಂಗವೇ ನಮ್ಮ ವೇಳಾಪಟ್ಟಿ

ಜನರನ್ನು ಕೂಡಿಸುವುದು ಹೇಗೆಂಬುದನ್ನು ನಾವು ಹೊಸದಾಗಿ ಕಲಿಯಬೇಕಾಗಿಲ್ಲ. ಉಡುಪಿಯ ಪರ್ಯಾಯವನ್ನು ನೋಡಿರಿ. ಪರ್ಯಾಯ ನಡೆಯುವುದು ಜನವರಿ 18ರಂದು. ಆದರೆ ಸುಮಾರು ಒಂದು ವರ್ಷ ಮೊದಲೇ ಬಾಳೆ ಮುಹೂರ್ತ, ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಎರಡು ವರ್ಷಗಳ ಅನ್ನಸಂತರ್ಪಣೆಗೆ ಎಲೆ ಬೇಕು, ಅಕ್ಕಿ ಬೇಕು, ಸೌದೆ ಬೇಕು ಎಂಬುದನ್ನು ಹಿರಿಯರು ಹಬ್ಬಗಳನ್ನಾಗಿಯೇ ಮಾಡಿಟ್ಟರು. ಮುಂದೆ ಊರೂರಿನಿಂದ ಹೊರೆಕಾಣಿಕೆ ಬರುತ್ತದೆ, ಅನ್ಯಮತೀಯರೂ ತಂದೊಪ್ಪಿಸುತ್ತಾರೆ. ಯೋಜನೆಯ ವಿದ್ಯೆಯನ್ನು ಇದಕ್ಕಿಂತ ಚೆನ್ನಾಗಿ ಯಾವ ಪಾಲಿಟೆಕ್ನಿಕ್ಕಿನಲ್ಲಿಯೂ ನನಗೆ ಕಲಿಸಲಿಲ್ಲ.

ಅದೇ ಕ್ರಮವನ್ನು ಚಿಕ್ಕದಾಗಿ ನಾವೂ ಅನುಸರಿಸೋಣ. ಮಕರ ಸಂಕ್ರಮಣದ ವೇಳೆಗೆ ಅಧ್ಯಾಪಕರನ್ನೂ ಅಂಗನವಾಡಿಯವರನ್ನೂ ಕಂಡು ಮಕ್ಕಳ ಎಣಿಕೆ ಮುಗಿಯಲಿ. ಮಧ್ವನವಮಿಯಂದು ಶ್ರೀಮಠದಲ್ಲಿ ಸರದಿಯ ಪುಸ್ತಕ ತೆರೆಯಲಿ. ಯುಗಾದಿಗೆ 270 ಸರದಿಗಳೂ ತುಂಬಿರಬೇಕು. ತುಂಬದಿದ್ದರೆ ಮಕ್ಕಳ ಸಂಖ್ಯೆಯನ್ನು ಐವತ್ತಕ್ಕೆ ಇಳಿಸೋಣ, ಆದರೆ ದಿನಗಳನ್ನು ಇಳಿಸುವುದು ಬೇಡ. ರಾಮನವಮಿಯಂದು ಪಾನಕ ಕೋಸಂಬರಿಯೊಡನೆ ಒಂದು ದಿನದ ಪ್ರಯೋಗ ನಡೆಯಲಿ. ರಜೆಯ ನಡುವೆ, ಉತ್ಸಾಹ ಇಳಿಯುವ ಹೊತ್ತಿಗೆ ಸರಿಯಾಗಿ ಬರುವುದು ವೈಶಾಖ ಶುಕ್ಲ ಚತುರ್ದಶಿಯ ನರಸಿಂಹ ಜಯಂತಿ. ಅಂದು ಎಲ್ಲ ಸರದಿಯವರೂ ಸೇರಿ ಉಳಿದ ದಿನಗಳ ಪಟ್ಟಿಯನ್ನು ಮತ್ತೊಮ್ಮೆ ಸರಿಪಡಿಸೋಣ. ಕೊನೆಗೆ ಶ್ರಾವಣದಲ್ಲಿ ರಾಯರ ಆರಾಧನೆಯಂದು ಪೈಸೆ ಪೈಸೆಯ ಲೆಕ್ಕವನ್ನು ಸಭೆಯ ಮುಂದೆ ಓದೋಣ. ಲೆಕ್ಕ ಓದಿದ ಸಂಸ್ಥೆಗೆ ಮರುವರ್ಷ ಜನ ತಾವಾಗಿಯೇ ಬರುತ್ತಾರೆ.

ಭಕ್ತಕುಟುಂಬಗಳಷ್ಟೇ ಸಾಕಾಗುವುದಿಲ್ಲ. ವಿಜಯವಾಡದ ಉಡುಪಿ ಹೋಟೆಲುಗಳ ಬಂಧುಗಳು ದೊಡ್ಡ ಪಾತ್ರೆಗಳನ್ನು ಕಡ ಕೊಡಬಹುದು. ಇಲ್ಲಿಯ ಕಾಲೇಜುಗಳ ವಿದ್ಯಾರ್ಥಿಗಳನ್ನು ಬಡಿಸಲು, ಊಟದ ಮೊದಲು ಮಕ್ಕಳಿಗೆ ಕಥೆ ಹೇಳಲು ಕರೆಯಬಹುದು. ಮಕ್ಕಳ ತಾಯಂದಿರಲ್ಲಿ ಬಿಡುವಿರುವವರನ್ನು ಅವಶ್ಯವಾಗಿ ಸೇರಿಸಿಕೊಳ್ಳಬೇಕು. ಕೇವಲ ಕೈಯೊಡ್ಡುವ ಸ್ಥಿತಿ ಯಾರಿಗೂ ಹಿತವಲ್ಲ, ಕೈಗೂಡಿಸುವ ಅವಕಾಶ ಅವರಿಗೂ ಇರಲಿ.

ಈ ನೆಲದ ಹಿರಿಯರು

ಈ ಪೂರ್ವ ಕರಾವಳಿಗೂ ನಮ್ಮ ಪರಂಪರೆಗೂ ಇರುವ ಸಂಬಂಧ ಹಳೆಯದು. ಶ್ರೀಮದಾಚಾರ್ಯರ ಶಿಷ್ಯರಾದ ಶ್ರೀನರಹರಿತೀರ್ಥರ ಹೆಸರು ಶ್ರೀಕೂರ್ಮದ 1281ರ ಶಾಸನದಲ್ಲಿ ಇಂದಿಗೂ ಇದೆ. ವಿಶಾಖಪಟ್ಟಣದ ಸಿಂಹಾಚಲದೊಡನೆಯೂ ಅವರ ಸಂಬಂಧ ಪ್ರಸಿದ್ಧ. ಕಳಿಂಗದ ಬಾಲರಾಜನು ದೊಡ್ಡವನಾಗುವವರೆಗೆ ಅವರು ವರ್ಷಗಟ್ಟಲೆ ರಾಜ್ಯದ ಹೊಣೆ ಹೊತ್ತು, ಆಮೇಲೆ ಅದನ್ನು ಒಪ್ಪಿಸಿ ಮೂಲರಾಮದೇವರ ಪ್ರತಿಮೆಗಳನ್ನು ತಂದರೆಂಬ ಕಥೆಯನ್ನು ನಾವು ಬಾಲ್ಯದಿಂದ ಕೇಳಿದ್ದೇವೆ. ಪರರ ಮಗುವಿನ ಹೊಣೆಯನ್ನು ದಿನದಿನವೂ ತಪ್ಪದೆ ಹೊತ್ತುದೇ ಅಲ್ಲಿ ಸೇವೆಯಾಯಿತು. ನಮ್ಮ ಪಾಲಿಗೆ ಬಂದಿರುವುದು ವರ್ಷಗಳಲ್ಲ, ನಲವತ್ತೈದು ದಿನ.

ಗೋದಾವರಿ ಸೀಮೆಯ ಲಂಕಲ ಗನ್ನವರದ ಡೊಕ್ಕಾ ಸೀತಮ್ಮನವರು (1841–1909) ಹೊಳೆ ದಾಟಿ ಬರುವವರಿಗೆ ಹೊತ್ತುಗೊತ್ತು ನೋಡದೆ ಅನ್ನವಿಕ್ಕಿದ ಮಹಾತಾಯಿ. ಒಮ್ಮೆ ಅಂತರ್ವೇದಿಯ ನರಸಿಂಹದೇವರ ದರ್ಶನಕ್ಕೆಂದು ಹೊರಟವರು, ಹಸಿದ ಪ್ರಯಾಣಿಕರು ತಮ್ಮ ಮನೆಯತ್ತ ಹೋಗುತ್ತಿರುವುದನ್ನು ದಾರಿಯಲ್ಲಿ ತಿಳಿದು, ದರ್ಶನವನ್ನು ಬಿಟ್ಟು ಹಿಂತಿರುಗಿ ಅಡುಗೆಗೆ ನಿಂತರೆಂದು ಪ್ರತೀತಿ. ಗನ್ನವರದಲ್ಲಿ ಗೋದಾವರಿಯ ಶಾಖೆಯ ಮೇಲಿನ ಮೇಲ್ಗಾಲುವೆಗೆ ಅವರ ಹೆಸರಿದೆ. 2024ರಿಂದ ಈ ರಾಜ್ಯದ ಶಾಲಾ ಊಟದ ಯೋಜನೆಗೂ ಅವರ ಹೆಸರೇ ಇದೆ. ಅವರು ಹಸಿದವರಿಗಾಗಿ ಯಾತ್ರೆಯನ್ನೇ ನಿಲ್ಲಿಸಿದರು. ನಾವು ಯಾತ್ರೆ ಮುಗಿಸಿ ಬಂದು ಸರದಿಗೆ ನಿಂತರೂ ಸಾಕು.

ನಮ್ಮ ಬೆಟ್ಟದ ಮೇಲಿನ ಪಾನಕಾಲ ನರಸಿಂಹಸ್ವಾಮಿ ಭಕ್ತನು ಅರ್ಪಿಸಿದ ಪಾನಕದಲ್ಲಿ ಅರ್ಧವನ್ನು ಸ್ವೀಕರಿಸಿ ಅರ್ಧವನ್ನು ಮರಳಿ ಕೊಡುತ್ತಾನೆಂಬುದು ಇಲ್ಲಿಯ ನಂಬಿಕೆ. ದೇವರೇ ಹೀಗೆ ಹಂಚಿಕೊಂಡು ಸ್ವೀಕರಿಸುವ ಕ್ಷೇತ್ರದಲ್ಲಿ ನಾವು ವಾಸವಾಗಿದ್ದೇವೆ. ನಮಗೆ ಮರಳಿ ಬಂದ ಅರ್ಧದಲ್ಲಿ ಊರಿನ ಮಕ್ಕಳಿಗೂ ಪಾಲಿದೆ ಎಂದು ನಾನು ತಿಳಿದಿದ್ದೇನೆ.

ಮಹನೀಯರೇ, ನಾನು ಇಂದು ದೇಣಿಗೆ ಕೇಳಲು ನಿಂತಿಲ್ಲ. ಸಭೆ ಮುಗಿದ ಮೇಲೆ ಪ್ರಸಾದಕ್ಕೆ ಹೋಗುವ ದಾರಿಯಲ್ಲಿ ಒಂದು ಮೇಜಿನ ಮೇಲೆ ಪುಸ್ತಕವಿದೆ. ಅದರಲ್ಲಿ ಮೊತ್ತ ಬರೆಯುವ ಅಂಕಣವಿಲ್ಲ. ದಿನಾಂಕ, ತಮ್ಮ ಹೆಸರು, ಬದಲಿಯವರ ಹೆಸರು ಎಂಬ ಮೂರೇ ಅಂಕಣಗಳಿವೆ. ದಯವಿಟ್ಟು ಮೂರು ದಿನಗಳನ್ನು ಆರಿಸಿಕೊಳ್ಳಿರಿ. ಸಾಧ್ಯವಾದರೆ ಅವುಗಳಲ್ಲಿ ಒಂದಾದರೂ ಮೇ ತಿಂಗಳ ನಡುವಿನ, ಯಾವ ವಿಶೇಷವೂ ಇಲ್ಲದ ದಿನವಾಗಿರಲಿ.



॥ ಶ್ರೀಕೃಷ್ಣಾರ್ಪಣಮಸ್ತು ॥